ಭಾರ ಎತ್ತುವುದು ರಾಟೆಯಲ್ಲ: ಶಾಸನಗಳ ಏತ, ಕಪಿಲೆ, ಗಾಣ ಮತ್ತು ಶಾಲೆಯ ಸರಳ ಯಂತ್ರಗಳು

ಮೂರು ವರ್ಷದ ಹಿಂದೆ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನೊಂದು ತಪ್ಪು ಪಾಠ ಮಾಡಿದೆ. ಆ ಊರಿನ ಕೆರೆ ಏರಿಯ ಮೇಲಿದ್ದ ಶಾಸನ ನೋಡಲು ಹೋಗಿದ್ದೆ. ಮೇಷ್ಟ್ರು ಕಂಡು, 'ಹೇಗೂ ಬಂದಿದ್ದೀರಿ, ಮಕ್ಕಳಿಗೆ ಎರಡು ಮಾತು ಹೇಳಿ ಹೋಗಿ' ಅಂದರು. ನಾನು ಮೆಕ್ಯಾನಿಕಲ್ ಇಂಜಿನಿಯರ್ ಅಂತ ಗೊತ್ತಾದ ಮೇಲೆ, ಅವತ್ತಿನ ಪಾಠವಾದ 'ಸರಳ ಯಂತ್ರಗಳು' ನನ್ನ ಪಾಲಿಗೇ ಬಂತು. ಕತ್ತರಿ, ಏರುಪೇರು ಹಲಗೆ, ಬಾಟಲಿ ಮುಚ್ಚಳ ತೆಗೆಯುವ ಸಾಧನ ಎಲ್ಲ ಪುಸ್ತಕದಲ್ಲೇ ಇದ್ದವು. ಊರಿನದೇ ಉದಾಹರಣೆ ಕೊಡೋಣ ಅಂತ ಹಾಳುಬಿದ್ದ ಕಪಿಲೆ ಬಾವಿಯ ಕಡೆ ಕೈ ತೋರಿಸಿ, 'ನೋಡಿ ಮಕ್ಕಳೇ, ಅಲ್ಲಿ ರಾಟೆ ಇತ್ತು. ರಾಟೆ ಇದ್ದುದರಿಂದ ಎತ್ತುಗಳಿಗೆ ಭಾರ ಕಮ್ಮಿಯಾಗುತ್ತಿತ್ತು' ಎಂದೆ.

ಮಕ್ಕಳು ಬರೆದುಕೊಂಡರು. ಕಿಟಕಿಯ ಹೊರಗೆ ಜಗಲಿ ಮೇಲೆ ಕೂತಿದ್ದ ಎಂಬತ್ತರ ಆಸುಪಾಸಿನ ಯಜಮಾನರೊಬ್ಬರು ಬರೆದುಕೊಳ್ಳಲಿಲ್ಲ. ನಾನು ಹೊರಗೆ ಬಂದಾಗ ನಿಲ್ಲಿಸಿ ಕೇಳಿದರು: 'ಸ್ವಾಮಿ, ತಾವು ಎತ್ತು ಕಟ್ಟಿ ಕಪಿಲೆ ಹೊಡೆದಿದ್ದೀರಾ?'

'ಇಲ್ಲ ಯಜಮಾನ್ರೇ, ಬರೀ ನೋಡಿದ್ದೀನಿ. ಚಿಕ್ಕವನಿದ್ದಾಗ.'

'ಅದಕ್ಕೇ. ರಾಟೆ ಎಲ್ಲಿ ಭಾರ ಕಮ್ಮಿ ಮಾಡ್ತದೆ? ಅದು ಹಗ್ಗ ತಿರುಗಿಸ್ತದೆ ಅಷ್ಟೇಯ. ನೀರು ಎತ್ತೋದು ಎತ್ತಿನ ಮೈಭಾರ. ಇಳಿಜಾರು ಯಾಕೆ ಮಾಡಿರ್ತಾರೆ ಅಂತ ಮಾಡಿದ್ರಿ?'

ಇಂಜಿನಿಯರಿಂಗ್‌ನ ಮೊದಲ ವರ್ಷದಲ್ಲೇ ಓದಿದ ವಿಷಯ ಅದು. ಒಂದೇ ಜಾಗದಲ್ಲಿ ಕಟ್ಟಿದ ಒಂಟಿ ರಾಟೆ ಬಲದ ದಿಕ್ಕನ್ನು ಮಾತ್ರ ಬದಲಾಯಿಸುತ್ತದೆ. ಅದರ ಯಾಂತ್ರಿಕ ಲಾಭ ಒಂದೇ ಒಂದು, ಅಂದರೆ ಲಾಭವೇ ಇಲ್ಲ. ಗೊತ್ತಿದ್ದೂ ತಪ್ಪು ಹೇಳಿದ್ದೆ, ಯಾಕೆಂದರೆ ಕಪಿಲೆಯನ್ನು ಯಂತ್ರ ಎಂದು ನಾನು ಯಾವತ್ತೂ ಗಂಭೀರವಾಗಿ ನೋಡಿರಲೇ ಇಲ್ಲ. ಶಾಸನಗಳನ್ನು ಓದುವಾಗಲೂ ಅಷ್ಟೆ. ಏತ, ರಾಟಣ, ಗಾಣ, ತೂಬು ಎಂಬ ಪದ ಬಂದ ಕಡೆ ಅರ್ಥ ಗೊತ್ತಿದೆ ಎಂದುಕೊಂಡು ದಾಟಿ, ರಾಜರ ಬಿರುದು, ಶಕವರ್ಷ, ಸಂವತ್ಸರಗಳ ಕಡೆಗೆ ಓಡುತ್ತಿದ್ದೆ. ಆ ಯಜಮಾನರ ಮಾತಿನಿಂದ ಶುರುವಾದ ಲೆಕ್ಕಾಚಾರವನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಸನ ಓದುವವರಿಗೂ ವಿಜ್ಞಾನ ಕಲಿಸುವವರಿಗೂ ಇದು ಬೇಕಾಗಬಹುದು.

ಆರು ಯಂತ್ರಗಳ ಪಟ್ಟಿ

ಶಾಲೆಯ ಪುಸ್ತಕದಲ್ಲಿ ಸರಳ ಯಂತ್ರಗಳು ಆರು: ಸನ್ನೆ, ರಾಟೆ, ಗಾಲಿ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು. ಅಲೆಕ್ಸಾಂಡ್ರಿಯದ ಹೀರೋ ಕ್ರಿಸ್ತಶಕ ಮೊದಲ ಶತಮಾನದಲ್ಲಿ ಐದನ್ನು ಹೇಳಿದ್ದ. ಇಳಿಜಾರು ಪಟ್ಟಿಗೆ ಸೇರಿದ್ದು ಬಹಳ ಆಮೇಲೆ, ಯೂರೋಪಿನಲ್ಲಿ. ಪಟ್ಟಿ ಅಲ್ಲಿಯದು, ಆದರೆ ಅದರಲ್ಲಿರುವ ವಸ್ತುಗಳು ಎಲ್ಲ ಕಡೆಯವು. ನಮ್ಮ ಏತದಂಥದೇ ಸಾಧನ ಈಜಿಪ್ಟಿನಲ್ಲಿತ್ತು, ಮೆಸೊಪೊಟೇಮಿಯದಲ್ಲೂ ಇತ್ತು. ಆದ್ದರಿಂದ 'ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು' ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ಕುತೂಹಲ ಬೇರೆ: ನಮ್ಮ ನೆಲದಲ್ಲಿ, ನಮ್ಮ ಆಳದ ಬಾವಿಗೆ, ನಮ್ಮ ಗಾತ್ರದ ಎತ್ತಿಗೆ ಹೊಂದಿಸಿಕೊಂಡು ಈ ಆರನ್ನು ಹೇಗೆ ಜೋಡಿಸಿದ್ದರು?

ಈ ಮಣ್ಣಿನ ಸಾಧನಗಳಲ್ಲಿ ಒಂದು ಯಂತ್ರ ಒಂಟಿಯಾಗಿ ಸಿಗುವುದು ಅಪರೂಪ. ಪುಸ್ತಕದಲ್ಲಿ ಬಿಡಿಬಿಡಿಯಾಗಿ ಕಲಿತವನಿಗೆ ಅದಕ್ಕೇ ಗೊಂದಲವಾಗುತ್ತದೆ. ಕಪಿಲೆಯಲ್ಲಿ ರಾಟೆ ಕಣ್ಣಿಗೆ ಬೀಳುತ್ತದೆ, ಕೆಲಸ ಮಾಡುವುದು ಇಳಿಜಾರು. ಗಾಣದಲ್ಲಿ ಒರಳು ಕಾಣುತ್ತದೆ, ಲಾಭ ಕೊಡುವುದು ಉದ್ದನೆಯ ತೊಲೆ.

ಕಪಿಲೆ: ಇಳಿಯುವ ಎತ್ತು, ಏರುವ ನೀರು

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಏತವನ್ನೂ ಕಪಿಲೆಯನ್ನೂ ಕಂಡು ಬರೆದಿದ್ದಾನೆ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಐವತ್ತು ವರ್ಷದ ಹಿಂದಿನವರೆಗೂ ಬಯಲುಸೀಮೆಯಲ್ಲಿ ಕಪಿಲೆ ಮಾಮೂಲಿ ನೋಟವಾಗಿತ್ತು. ಕಾಣದವರಿಗಾಗಿ ಅದರ ರಚನೆ ಹೇಳುತ್ತೇನೆ.

ಬಾವಿಯ ದಡದಲ್ಲಿ ಎರಡು ಕಂಬ, ಅವುಗಳ ನಡುವೆ ಮೇಲೊಂದು ರಾಟೆ, ಕೆಳಗೆ ತೊಟ್ಟಿಯ ಅಂಚಿನಲ್ಲಿ ಒಂದು ಉರುಳೆ. ನೀರೆತ್ತಲು ಚರ್ಮದ ದೊಡ್ಡ ಬಾನಿ. ಅದರ ಮೇಲಿನ ಬಾಯಿಗೆ ಕಬ್ಬಿಣದ ಬಳೆ, ಕೆಳಗಡೆ ಆನೆಯ ಸೊಂಡಿಲಿನಂಥ ಬಾಲ. ದಪ್ಪ ಹಗ್ಗ ಬಾಯಿಯಿಂದ ಹೊರಟು ಮೇಲಿನ ರಾಟೆಯ ಮೇಲೆ, ಸಣ್ಣ ಹಗ್ಗ ಬಾಲದಿಂದ ಹೊರಟು ಕೆಳಗಿನ ಉರುಳೆಯ ಮೇಲೆ ಹಾದು, ಎರಡೂ ನೊಗಕ್ಕೆ ಸೇರುತ್ತವೆ. ಸಣ್ಣ ಹಗ್ಗದ ಉದ್ದವನ್ನು ಹೇಗೆ ಇಟ್ಟಿರುತ್ತಾರೆಂದರೆ, ಬಾನಿ ಮೇಲೇರುವಷ್ಟು ಹೊತ್ತೂ ಬಾಲ ಮಡಿಚಿಕೊಂಡು ಬಾಯಿಯ ಮಟ್ಟದಲ್ಲೇ ಇರುತ್ತದೆ, ನೀರು ಚೆಲ್ಲುವುದಿಲ್ಲ. ದಡ ತಲುಪಿದ ಕೂಡಲೆ ದಪ್ಪ ಹಗ್ಗ ಬಾಯನ್ನು ಮೇಲಕ್ಕೆ ಎಳೆಯುತ್ತಿರುತ್ತದೆ, ಸಣ್ಣ ಹಗ್ಗ ಬಾಲವನ್ನು ತೊಟ್ಟಿಯ ಕಡೆ ಎಳೆಯುತ್ತದೆ, ನೀರು ತಾನಾಗಿ ಸುರಿಯುತ್ತದೆ. ಸುರಿಯಲು ಇನ್ನೊಬ್ಬ ಆಳು ಬೇಡ. ಎರಡು ಹಗ್ಗಗಳ ಉದ್ದದ ವ್ಯತ್ಯಾಸದಿಂದಲೇ ಕೆಲಸ ಮುಗಿಸಿದ ಈ ಏರ್ಪಾಟನ್ನು ಇಂದಿನ ಯಾವ ವಿನ್ಯಾಸಕಾರನೂ ಮೆಚ್ಚಿಕೊಂಡಾನು.

ಬಾವಿಯಿಂದ ಆಚೆಗೆ ಎತ್ತುಗಳು ನಡೆಯುವ ದಾರಿ ಇಳಿಜಾರು. ಇಲ್ಲಿ ಲೆಕ್ಕ ಹಾಕೋಣ. ಅಂಕಿಗಳು ತಿಳಿಯಲು ಇಟ್ಟುಕೊಂಡವು. ನಿಮ್ಮೂರಿನ ಬಾವಿಗೆ ನೀವೇ ಅಳೆದು ಬದಲಾಯಿಸಿಕೊಳ್ಳಿ.

ಒಂದು ಬಾನಿ ನೀರು 120 ಕಿಲೋ ಅಂದುಕೊಳ್ಳಿ. ರಾಟೆಯಿಂದ ಲಾಭವಿಲ್ಲವಾದ್ದರಿಂದ ಹಗ್ಗದಲ್ಲೂ 120 ಕಿಲೋ ಎಳೆತ. ಜೋಡಿ ಎತ್ತಿನ ತೂಕ 600 ಕಿಲೋ. ಎಳೆಯುವ ಪ್ರಾಣಿ ದಿನವಿಡೀ ದಣಿಯದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತನೇ ಒಂದು ಭಾಗದಷ್ಟು ಎಂಬುದು ಕೃಷಿ ಇಂಜಿನಿಯರುಗಳು ಬಳಸುವ ಸಾಮಾನ್ಯ ಅಂದಾಜು. ಅಂದರೆ ಜೋಡಿಗೆ 60 ಕಿಲೋ. ಸಮತಟ್ಟು ನೆಲದಲ್ಲಾದರೆ 120 ಕಿಲೋ ಎಳೆಯುವುದು ಅವುಗಳ ಶಕ್ತಿಯ ಎರಡರಷ್ಟು. ಬೆಳಗಿನ ಹೊತ್ತು ಕಳೆಯುವುದರೊಳಗೆ ಎತ್ತು ಸೋತುಹೋಗುತ್ತವೆ.

ಈಗ ಆರು ಅಡಿಗೆ ಒಂದು ಅಡಿ ಇಳಿಯುವ ದಾರಿ ಮಾಡಿ. ಎತ್ತುಗಳ ತೂಕದ ಸುಮಾರು ಆರನೇ ಒಂದು ಭಾಗ, ಅಂದರೆ 100 ಕಿಲೋ, ಇಳಿಜಾರಿನ ದಿಕ್ಕಿನಲ್ಲಿ ತಾನಾಗಿ ಎಳೆಯುತ್ತದೆ. ಕಾಲು ಊರಿ ಎಳೆಯಬೇಕಾದದ್ದು ಉಳಿದ 20 ಕಿಲೋ ಮಾತ್ರ. ಹೊಡೆಯುವವನು ಇಳಿಯುವಾಗ ಹಗ್ಗದ ಮೇಲೆ ಕುಳಿತುಕೊಳ್ಳುತ್ತಿದ್ದುದು ನೆನಪಿದೆಯೇ? ಅದು ಸೋಮಾರಿತನ ಅಂತ ನಾನು ತಿಳಿದಿದ್ದೆ. ಅವನ 60 ಕಿಲೋದಲ್ಲೂ ಆರನೇ ಒಂದು ಭಾಗ, ಇನ್ನೊಂದು 10 ಕಿಲೋ, ನೀರೆತ್ತುವ ಕಡೆ ಜಮೆಯಾಗುತ್ತದೆ.

ಹಾಗಾದರೆ ಕೆಲಸ ಎಲ್ಲಿ ಉಳಿಯಿತು? ಎಲ್ಲೂ ಉಳಿಯಲಿಲ್ಲ. ಎಂಟು ಮೀಟರ್ ಆಳದ ಬಾವಿಗೆ ಎತ್ತು ಎಂಟು ಮೀಟರ್ ನಡೆಯಬೇಕು; ಅಷ್ಟರಲ್ಲಿ ಅವು 1.33 ಮೀಟರ್ ಕೆಳಗಿಳಿದಿರುತ್ತವೆ. ವಾಪಸು ಬರುವಾಗ, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾ, ತಮ್ಮ ಮೈಯನ್ನು ಅಷ್ಟೂ ಎತ್ತರಕ್ಕೆ ಮತ್ತೆ ಏರಿಸಬೇಕು. ನೀರನ್ನು ಎತ್ತುವ ಕೆಲಸ 120 ಗುಣಿಸು 8, ಅಂದರೆ 960. ಮೈ ಏರಿಸುವ ಕೆಲಸ 600 ಗುಣಿಸು 1.33, ಸುಮಾರು 800. ಅಂದರೆ ನೀರೆತ್ತುವ ಕೆಲಸದ ಬಹುಪಾಲನ್ನು ಎತ್ತು ಹೊರೆಯಿಲ್ಲದ ಹೊತ್ತಿನಲ್ಲಿ ಮಾಡಿ ಮುಗಿಸುತ್ತದೆ. ಇಳಿಯುವಾಗ ಕೊಡಬೇಕಾದ ಸಾಲವನ್ನು ಏರುವಾಗ ಕಂತಿನಲ್ಲಿ ಕಟ್ಟಿದ ಹಾಗೆ. ಖಾಲಿ ಬಾನಿಯ ಭಾರ ಹಿಂದಕ್ಕೆ ಎಳೆಯುತ್ತಾ ಏರುವಾಗ ಅಷ್ಟಿಷ್ಟು ಸಹಾಯವನ್ನೂ ಮಾಡುತ್ತದೆ.

ಪಠ್ಯಪುಸ್ತಕದ ಇಳಿಜಾರಿನ ಮೇಲೆ ಹೊರೆ ಹತ್ತುತ್ತದೆ. ಕಪಿಲೆಯ ಇಳಿಜಾರಿನ ಮೇಲೆ ಎಳೆಯುವವನು ಇಳಿಯುತ್ತಾನೆ. 'ಎತ್ತಿನ ಮೈಭಾರ' ಅಂತ ಯಜಮಾನರು ಹೇಳಿದ ಎರಡು ಪದದಲ್ಲಿ ಇದಿಷ್ಟೂ ಇತ್ತು.

ಏತ: ಇಲ್ಲೂ ಮೈಭಾರವೇ

ಏತ ಎಂಬ ಪದ 'ಎತ್ತು' ಧಾತುವಿನಿಂದ ಬಂದಿದೆ ಅಂತ ಹಲವರು ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದು ಹಳಗನ್ನಡದ 'ಏಱು', ಇಂದಿನ 'ಏರು' ಧಾತುವಿನ ಬಳಗಕ್ಕೆ ಸೇರಿದ್ದು. ತೆಲುಗಿನ ಏತಮು, ತಮಿಳಿನ ಏಱ್ಱಂ ಇದರ ಒಡಹುಟ್ಟುಗಳು. ರಾಟೆಯ ವಂಶ ಬೇರೆ. ಸಂಸ್ಕೃತದ ಅರಘಟ್ಟ, ಪ್ರಾಕೃತದ ಅರಹಟ್ಟ, ಅಲ್ಲಿಂದ ನಮ್ಮ ರಾಟಣ, ರಾಟೆ. ಒಂದು ಈ ನೆಲದ ಮಾತು, ಇನ್ನೊಂದು ಬಂದು ನೆಲೆಸಿದ ಮಾತು. ಎರಡೂ ಒಂದೇ ಬಾವಿಯ ದಡದಲ್ಲಿ ದುಡಿದವು.

ಏತ ಜನರಿಗೆ ಎಷ್ಟು ಹತ್ತಿರದ್ದಾಗಿತ್ತು ಅನ್ನುವುದಕ್ಕೆ ಶಾಸನವೇ ಬೇಕಿಲ್ಲ. 12ನೇ ಶತಮಾನದ ಬಸವಣ್ಣನವರ ಒಂದು ವಚನದಲ್ಲಿ ಬಾಗುವ ಏತವೂ ಮುಗಿದ ಕೈಯಂಥ ಇಕ್ಕುಳವೂ ಭಕ್ತಿಯಿಲ್ಲದ ವಿನಯಕ್ಕೆ ಹೋಲಿಕೆಯಾಗಿ ಬರುತ್ತವೆ. ಕೇಳುವವರು ದಿನವೂ ಏತ ನೋಡಿದವರಾಗಿದ್ದರೆ ಮಾತ್ರ ಆ ಹೋಲಿಕೆ ನಾಟುತ್ತದೆ.

ಕಲ್ಲು ಕಟ್ಟಿದ ಸಣ್ಣ ಏತದ ಲೆಕ್ಕ ನೋಡಿ. ಆಧಾರದಿಂದ ಬಕೆಟ್ಟಿನ ಕಡೆಗೆ 4 ಮೀಟರ್, ಕಲ್ಲಿನ ಕಡೆಗೆ 1.5 ಮೀಟರ್. ಬಕೆಟ್ಟು 4 ಕಿಲೋ, ನೀರು 20 ಕಿಲೋ. ತುಂಬಿದ 24 ಕಿಲೋಗೆ ಸಮನಾಗಿ ತೂಗಬೇಕಾದರೆ 64 ಕಿಲೋ ಕಲ್ಲು ಬೇಕು. ಆದರೆ ಹಾಗೆ ಕಟ್ಟಿದರೆ ಖಾಲಿ ಬಕೆಟ್ಟನ್ನು ಕೆಳಗಿಳಿಸಲು ಜೋತುಬೀಳಬೇಕಾಗುತ್ತದೆ. ಜಾಣತನ ನಡುವೆ ಇದೆ. ಖಾಲಿಯ 4, ತುಂಬಿದ 24, ಇವುಗಳ ಸರಾಸರಿ 14. ಅದಕ್ಕೆ ಸಮನಾದ ಕಲ್ಲು ಸುಮಾರು 37 ಕಿಲೋ. ಆಗ ಇಳಿಸುವಾಗಲೂ 10 ಕಿಲೋ ಬಲ, ಎತ್ತುವಾಗಲೂ 10 ಕಿಲೋ ಬಲ. ಒಂದೇ ಸಲ 24 ಕಿಲೋ ಎತ್ತುವ ಬದಲು ಹತ್ತು ಹತ್ತಾಗಿ ಹಂಚಿಕೊಂಡಂತೆ. ಅದರಲ್ಲೂ ಇಳಿಸುವ ಹತ್ತು ಕಿಲೋಗೆ ತೋಳು ದಣಿಯುವುದಿಲ್ಲ, ಹಗ್ಗ ಹಿಡಿದು ಮೈಭಾರ ಬಿಟ್ಟರಾಯಿತು. ತೊಲೆಯ ಸ್ವಂತ ತೂಕವನ್ನು ನಾನಿಲ್ಲಿ ಬಿಟ್ಟಿದ್ದೇನೆ. ಕಟ್ಟುವವರು ಅದನ್ನೂ ಸೇರಿಸಿಕೊಂಡು ಮಣ್ಣು ಮೆತ್ತಿಯೋ ಕಲ್ಲು ಕಳಚಿಯೋ ಸರಿಮಾಡುತ್ತಿದ್ದರು.

ದೊಡ್ಡ ಏತದಲ್ಲಿ ಕಲ್ಲಿನ ಜಾಗಕ್ಕೆ ಮನುಷ್ಯನೇ. ಒಬ್ಬಿಬ್ಬರು ತೊಲೆಯ ಮೇಲೆ ಹಿಂದೆ ಮುಂದೆ ನಡೆಯುತ್ತಾರೆ, ಕೆಳಗಿನವನು ನೀರು ಸುರಿಯುತ್ತಾನೆ. ತುಳಿಯುವವನು ಮಾಡುವುದು ಏರಿಳಿಯುವ ತೊಲೆಯನ್ನು ಹತ್ತುವ ಕೆಲಸ. ಕಪಿಲೆಯ ಎತ್ತು ಮಾಡಿದ್ದನ್ನೇ ಇಲ್ಲಿ ಮನುಷ್ಯ ಮಾಡುತ್ತಾನೆ. ಕಾಲು ಜಾರಿದರೆ ನೇರ ಬಾವಿಗೆ.

ನಿಮಿಷಕ್ಕೆ 20 ಲೀಟರಿನ ಆರು ಬಕೆಟ್ಟು ಎಂದರೂ ಗಂಟೆಗೆ 7200 ಲೀಟರ್. ಈ ಅಂಕಿ ಕೈಯಲ್ಲಿಟ್ಟುಕೊಂಡು ಪಲ್ಲವ, ಚೋಳರ ಕಾಲದ ತಮಿಳು ತಾಮ್ರಶಾಸನಗಳನ್ನು ಓದಿ. ದಾನ ಕೊಟ್ಟ ಊರಿನ ಕಾಲುವೆಯಿಂದ ಬೇರೆಯವರು ಅಡ್ಡಗಾಲುವೆ ತೋಡಬಾರದು, 'ಕುಱ್ಱೇತ್ತಂ' ಅಂದರೆ ಸಣ್ಣ ಏತ ಹಾಕಬಾರದು, ಗೂಡೆಯಲ್ಲಿ ನೀರೆತ್ತಬಾರದು ಎಂಬ ನಿಬಂಧನೆಗಳು ಅಲ್ಲಿ ಬರುತ್ತವೆ. ಮೊದಲು ಓದಿದಾಗ, ಒಂದು ಮರದ ತೊಲೆಯ ಮೇಲೆ ರಾಜಶಾಸನಕ್ಕೆ ಯಾಕಿಷ್ಟು ಕಣ್ಣು ಅನ್ನಿಸಿತ್ತು. ಲೆಕ್ಕ ಹಾಕಿದ ಮೇಲೆ ಅನ್ನಿಸಲಿಲ್ಲ. ಕಾಲುವೆಯ ಉದ್ದಕ್ಕೂ ಹತ್ತು ಏತ ನಿಂತರೆ ಕೆಳಗಿನ ಗದ್ದೆ ಒಣಗುತ್ತದೆ. ಇವತ್ತು ಕಾಲುವೆಗೆ ಪಂಪ್‌ಸೆಟ್ ಇಳಿಸಬಾರದು ಅಂತ ಆದೇಶ ಹೊರಡಿಸುವುದಿಲ್ಲವೇ, ಅದೇ ಜಗಳ.

ಗಾಣ: ಉದ್ದ ತೊಲೆ, ಸಣ್ಣ ಒರಳು

ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುವ ಯಂತ್ರ ಗಾಣ. ಗಾಣದೆರೆ ಎಂಬ ತೆರಿಗೆ ಇತ್ತು. ದೇವಾಲಯದ ನಂದಾದೀವಿಗೆಗೆ ಪ್ರತಿ ಗಾಣದಿಂದ ಸೊಲ್ಲಿಗೆ ಎಣ್ಣೆ ಬಿಟ್ಟ ದತ್ತಿಗಳಿವೆ. 'ತೆಲ್ಲಿಗರೈವತ್ತೊಕ್ಕಲು' ಎಂಬ ಎಣ್ಣೆಗಾರರ ಸಂಘ ಸೇರಿ ಕೊಟ್ಟ ದಾನಗಳಿವೆ. ಲೆಕ್ಕದ ಘಟಕ ಇಲ್ಲಿ ಯಂತ್ರವೇ: ಇಷ್ಟು ಗಾಣ, ಇಷ್ಟು ಎಣ್ಣೆ.

ಗಾಣದ ಎತ್ತು ಮೂರು ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತದೆ ಅನ್ನಿ. ಒರಳಿನೊಳಗೆ ಓರೆಯಾಗಿ ನಿಂತ ಮರದ ದಿಂಡು ಕಾಳನ್ನು ಅರೆಯುವ ಜಾಗದ ತ್ರಿಜ್ಯ 15 ಸೆಂಟಿಮೀಟರ್. ಅನುಪಾತ 20. ಒಂಟಿ ಎತ್ತು 35 ಕಿಲೋ ಎಳೆದರೆ, ಘರ್ಷಣೆ ಲೆಕ್ಕಕ್ಕೆ ಹಿಡಿಯದೆ, ಅರೆಯುವ ಕಡೆ 700 ಕಿಲೋ ಬಲ. ಪುಸ್ತಕದ ಭಾಷೆಯಲ್ಲಿ ಇದು ಗಾಲಿ ಮತ್ತು ಅಚ್ಚು. ಅದರ ಜೊತೆಗೆ ತೊಲೆಯ ಹೊರತುದಿಯ ಮೇಲೆ ಕಲ್ಲು ಹೇರುತ್ತಾರೆ. ಆ ಭಾರ ಸನ್ನೆಯಾಗಿ ದಿಂಡನ್ನು ಒರಳಿನ ಗೋಡೆಗೆ ಒತ್ತುತ್ತದೆ. ಒಂದೇ ಮರದ ತೊಲೆ ಎರಡು ಯಂತ್ರವಾಗಿ ದುಡಿಯುತ್ತದೆ.

ಎತ್ತಿನ ಜಾಗದಲ್ಲಿ ಮನುಷ್ಯನನ್ನು ಕಟ್ಟಿದರೆ ಏನಾಗುತ್ತದೆ ಎಂಬುದೂ ಚರಿತ್ರೆಯಲ್ಲಿದೆ. ವಿ.ಒ. ಚಿದಂಬರಂ ಪಿಳ್ಳೆ ಅವರನ್ನು ಕೊಯಮತ್ತೂರು ಜೈಲಿನಲ್ಲಿ ಗಾಣ ಎಳೆಯಲು ಹಚ್ಚಿದ್ದರು. ತಮಿಳರು ಇಂದಿಗೂ ಅವರನ್ನು ಆ ಗಾಣದ ಹೆಸರಿನಿಂದಲೇ ನೆನೆಯುತ್ತಾರೆ.

ಕಲ್ಲಿನ ಗಾಣದ ಒರಳುಗಳ ಮೇಲೂ ಬರಹ ಇರುತ್ತದೆ. ಯಾರು ಮಾಡಿಸಿ ಕೊಟ್ಟರು ಅಂತ ಅಂಚಿನ ಸುತ್ತ ಕೊರೆದಿರುತ್ತಾರೆ. ಕೆಲವು ವರ್ಷದ ಹಿಂದೆ ಒಂದು ಹೊಲದ ಬದುವಿನಲ್ಲಿ ಅಂಥದ್ದೊಂದನ್ನು ನೋಡಿ, 'ಕುಟ್ಟುವ ಒರಳು' ಅಂತ ಟಿಪ್ಪಣಿ ಬರೆದು ಹೊರಟಿದ್ದೆ. ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬರು 'ಅಯ್ಯೋ, ಅದು ಗಾಣದ ಕಲ್ಲು ಕಣಪ್ಪ' ಅಂದರು. ಹೇಗೆ ಗೊತ್ತು ಎಂದು ಕೇಳಿದೆ. ಒಳಗೆ ಕೈ ಹಾಕಿ ನೋಡು ಅಂದರು. ಕುಟ್ಟಿದ ಒರಳು ತಳದಲ್ಲಿ ಸವೆಯುತ್ತದೆ, ಗಾಣ ಗೋಡೆಯಲ್ಲಿ ಸವೆಯುತ್ತದೆ. ಕೈಗೆ ತಾಗಿದ್ದು ನುಣುಪಾದ ಗೋಡೆ. ಆಮೇಲೆ ಅಂಚಿನ ಮಣ್ಣು ಕೆರೆದಾಗ ನಾಲ್ಕೈದು ಅಕ್ಷರ ಕಂಡವು. ಮುಂದಿನವು ಕಲ್ಲಿನ ಚಕ್ಕೆಯ ಜೊತೆ ಹೋಗಿದ್ದವು. ಯಂತ್ರ ಗುರುತಿಸದೆ ಹೋಗಿದ್ದರೆ ಆ ನಾಲ್ಕಕ್ಷರವೂ ನನಗೆ ಸಿಗುತ್ತಿರಲಿಲ್ಲ.

ತೂಬು, ಬೆಣೆ, ಬಂಡಿ

ಕೆರೆಯ ತೂಬಿನ ಕಂಬಗಳು ಶಾಸನಾಸಕ್ತರಿಗೆ ಪರಿಚಿತ. ತೂಬು ಮಾಡಿಸಿದವರ ಹೆಸರು ಅವುಗಳ ಮೇಲೇ ಇರುವುದುಂಟು. ಎರಡು ಕಲ್ಲುಕಂಬ, ನಡುವೆ ತೂತಿರುವ ಅಡ್ಡಕಲ್ಲುಗಳು, ಆ ತೂತುಗಳ ಮೂಲಕ ಇಳಿಯುವ ಕೋಲು, ಕೋಲಿನ ತುದಿಗೆ ಕೆಳಗೆ ಸಣ್ಣದಾಗುತ್ತಾ ಹೋಗುವ ಮರದ ಬಿರಡೆ. ಆ ಬಿರಡೆ ಒಂದು ಬೆಣೆ. ನೀರಿನ ಒತ್ತಡವೇ ಅದನ್ನು ಕಂಡಿಯೊಳಗೆ ಒತ್ತಿ ಬಿಗಿಮಾಡುತ್ತದೆ. ನಾಲ್ಕು ಮೀಟರ್ ನೀರಿನ ಕೆಳಗೆ 20 ಸೆಂಟಿಮೀಟರ್ ವ್ಯಾಸದ ಕಂಡಿಯ ಮೇಲೆ ಸುಮಾರು 126 ಕಿಲೋ ಭಾರ; ವ್ಯಾಸ ಎರಡು ಪಟ್ಟಾದರೆ ಭಾರ ನಾಲ್ಕು ಪಟ್ಟು, 500 ಕಿಲೋ ದಾಟುತ್ತದೆ. ದೊಡ್ಡ ಕೆರೆಗೂ ತೂಬಿನ ಕಂಡಿ ಇಷ್ಟು ಸಣ್ಣದೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೋಲು ಹಿಡಿದು ಎತ್ತಬೇಕಾದವನು ನೀರುಗಂಟಿ, ಮನುಷ್ಯ.

ಬೆಣೆಯ ಇನ್ನೊಂದು ಕೆಲಸ ನೋಡಲು ಹಂಪಿಗೆ ಹೋದರೆ ಸಾಕು. ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳು ಎಲ್ಲೆಲ್ಲೂ ಇವೆ. ಗುಳಿಗಳಲ್ಲಿ ಬೆಣೆ ಇಟ್ಟು ಒಂದರ ಮೇಲೊಂದು ಬಾರಿ ಹೊಡೆದಾಗ ಬಂಡೆ ಆ ಗೆರೆಗುಂಟ ಸೀಳುತ್ತದೆ. ಶಾಸನದ ಕಲ್ಲಿನ ಹಿಂಬದಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಕೆಲವೊಮ್ಮೆ ಅಂಚಿನಲ್ಲಿ ಅರ್ಧ ಗುಳಿಗಳು ಉಳಿದಿರುತ್ತವೆ. ಅಕ್ಷರ ಕೊರೆದ ಚಾಣವೂ ಬೆಣೆಯೇ.

ಗಾಲಿಯ ವಿಷಯಕ್ಕೆ ನನಗೆ ಇಷ್ಟವಾದ ದಾಖಲೆ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನ, 1369ರದು. ಒಂದನೇ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆ. ಕೆರೆಗೆ ಬೇಕಾದ ಹನ್ನೆರಡು ಅಂಗಗಳು, ತಪ್ಪಿಸಬೇಕಾದ ಆರು ದೋಷಗಳು ಅದರಲ್ಲಿವೆ. ಜೊತೆಗೆ ದಿನವೂ ಸಾವಿರ ಕೂಲಿಗಳು, ಕಲ್ಲು ಸಾಗಿಸಲು ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂಬ ಲೆಕ್ಕವೂ ಇದೆ. ನೀರಿನ ಶಾಸ್ತ್ರ ಬಲ್ಲವನೂ ಹತ್ತಿರದಲ್ಲೇ ಕಲ್ಲುಗಣಿಯೂ ಹನ್ನೆರಡು ಅಂಗಗಳಲ್ಲಿ ಸೇರಿವೆ. ಗಣಿ ಯಾಕೆ ಹತ್ತಿರ ಇರಬೇಕು ಅನ್ನುವುದನ್ನು ಆ ನೂರು ಬಂಡಿಗಳೇ ಹೇಳುತ್ತವೆ. ಇಂದು ನಾವು ಯೋಜನಾ ವರದಿಯಲ್ಲಿ ಬರೆಯುವುದೂ ಇದನ್ನೇ.

ಆರನೆಯದು ತಿರುಪು. ಅದನ್ನು ಹತ್ತಿಯಿಂದ ಬೀಜ ಬಿಡಿಸುವ ಹಳೆಯ ಕೈಯಂತ್ರದಲ್ಲಿ ನೋಡಬಹುದು. ಎರಡು ಮರದ ಉರುಳೆಗಳ ತುದಿಯಲ್ಲಿ ತಿರುಪಿನ ಹಲ್ಲು ಕೊರೆದಿರುತ್ತಾರೆ; ಒಂದನ್ನು ತಿರುಗಿಸಿದರೆ ಇನ್ನೊಂದು ಎದುರುದಿಕ್ಕಿಗೆ ತಿರುಗುತ್ತದೆ.

ಶಾಸನದಲ್ಲಿಲ್ಲದ ಹೆಸರುಗಳು

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದಾನಿಯ ಹೆಸರು ಶಾಸನದಲ್ಲಿರುತ್ತದೆ, ಬರೆದವನ ಹೆಸರು ಎಷ್ಟೋ ಸಲ ಇರುತ್ತದೆ, ಕಂಡರಿಸಿದ ರೂವಾರಿಯ ಹೆಸರೂ ಸಿಗುತ್ತದೆ. ಏತ ತುಳಿದವನ, ಬಾನಿ ಹೊಲಿದವನ ಹೆಸರು ನನಗೆ ಯಾವ ಕಲ್ಲಿನ ಮೇಲೂ ಸಿಕ್ಕಿಲ್ಲ.

ಕಪಿಲೆಯ ಚರ್ಮದ ಬಾನಿ, ಮಿಣಿ ಎಲ್ಲ ಚರ್ಮ ಹದಮಾಡುವ ಸಮುದಾಯದವರ ಕೆಲಸ. ಸುಗ್ಗಿಯಲ್ಲಿ ಆಯ ಪಡೆದು ಅವರು ಇಡೀ ಊರಿಗೆ ಅದನ್ನು ಮಾಡಿಕೊಡುತ್ತಿದ್ದರು. ಅವರ ಕೈಯ ಬಾನಿ ಬಾವಿಗೆ ಇಳಿಯುತ್ತಿತ್ತು, ಅವರು ಇಳಿಯುವಂತಿರಲಿಲ್ಲ. ನನ್ನನ್ನು ತಿದ್ದಿದ ಆ ಯಜಮಾನರು ಅಂಥ ಮನೆಯವರು. 'ಬಾನಿ ನಮ್ಮಪ್ಪ ಹೊಲಿಯೋರು, ನೀರು ಮಾತ್ರ ಮೇಲಿಂದ ಹುಯ್ಯೋರು' ಅಂತ ಅವರೇ ಹೇಳಿದರು, ಹವಾಮಾನದ ಬಗ್ಗೆ ಹೇಳಿದಷ್ಟು ಸಲೀಸಾಗಿ. ದೇಸಿ ತಂತ್ರಜ್ಞಾನ ಅಂತ ಹೆಮ್ಮೆಯಿಂದ ಪಾಠ ಮಾಡುವಾಗ ಇದನ್ನು ಬಿಟ್ಟರೆ, ರಾಟೆಯ ಬಗ್ಗೆ ನಾನು ಹೇಳಿದ್ದಕ್ಕಿಂತ ದೊಡ್ಡ ತಪ್ಪು ಪಾಠ ಮಾಡಿದಂತೆ.

ಮತ್ತೆ ಶಾಲೆಗೆ

ಮುಂದಿನ ವರ್ಷ ಅದೇ ಶಾಲೆಗೆ ಹೋಗಿ, ಹೇಳಿದ್ದು ತಪ್ಪಾಗಿತ್ತು ಅಂತ ಮಕ್ಕಳ ಮುಂದೆ ಹೇಳಿದೆ. ಯಜಮಾನರನ್ನೂ ಮೇಷ್ಟ್ರು ಒಳಗೇ ಕರೆದು ಕುರ್ಚಿ ಹಾಕಿಸಿದರು. ಸೈಕಲ್ಲಿನ ಹಳೆಯ ರಿಮ್ಮನ್ನು ಮರದ ಕೊಂಬೆಗೆ ಕಟ್ಟಿ ರಾಟೆ ಮಾಡಿದೆವು. ಹತ್ತು ಲೀಟರ್ ನೀರಿನ ಬಕೆಟ್ಟು, ಹಗ್ಗದ ನಡುವೆ ಒಂದು ಸ್ಪ್ರಿಂಗ್ ತಕ್ಕಡಿ. ಒಬ್ಬ ಹುಡುಗ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮೊದಲು ಮೈದಾನದಲ್ಲಿ ನಡೆದ, ಆಮೇಲೆ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಇಳಿದ. 'ಇಲ್ಲಿ ಸುಲಭ ಸಾರ್' ಅಂತ ಕೂಗಿದ.

ತಕ್ಕಡಿ ನೋಡುತ್ತಿದ್ದ ಹುಡುಗಿ ಒಪ್ಪಲಿಲ್ಲ. 'ಎರಡು ಸಲಾನೂ ಹತ್ತರ ಹತ್ತಿರಾನೇ ತೋರಿಸ್ತಿದೆ ಸಾರ್. ಹಂಗಾದ್ರೆ ಏನು ಕಮ್ಮಿ ಆಯ್ತು?'

ಒಳ್ಳೆಯ ಪ್ರಶ್ನೆ. ಹಗ್ಗದ ಎಳೆತ ಕಮ್ಮಿಯಾಗುವುದೇ ಇಲ್ಲ, ಬಕೆಟ್ಟಿನ ತೂಕ ಅಷ್ಟೇ ಇದೆಯಲ್ಲ. ಮೈದಾನದಲ್ಲಿ ಆ ಹತ್ತು ಕಿಲೋವನ್ನೂ ಅವನ ಕಾಲು ನೆಲವನ್ನು ಒದ್ದು ಕೊಟ್ಟಿತು. ಇಳಿಜಾರಿನಲ್ಲಿ ಅದರ ಒಂದು ಪಾಲನ್ನು ಅವನ ಮೈಭಾರ ಕೊಟ್ಟಿತು, ಕಾಲಿಗೆ ಉಳಿದದ್ದು ಮಿಕ್ಕದ್ದು. ಹುಡುಗನನ್ನೇ ತೂಕ ಮಾಡಿ, ಇಳಿಜಾರಿನ ಉದ್ದ ಮತ್ತು ಇಳಿತವನ್ನು ಟೇಪಿನಲ್ಲಿ ಅಳೆದು, ಮಕ್ಕಳೇ ಬೋರ್ಡಿನ ಮೇಲೆ ಭಾಗಾಕಾರ ಮಾಡಿದರು. ತಕ್ಕಡಿಗೆ ಕಾಣದ್ದು ಲೆಕ್ಕಕ್ಕೆ ಸಿಕ್ಕಿತು. ಯಜಮಾನರು ಬೋರ್ಡು ನೋಡುತ್ತಾ, 'ಇಳಿಜಾರು ಜಾಸ್ತಿ ಮಾಡಿದ್ರೆ ಹಿಂದಕ್ಕೆ ಬರೋವಾಗ ಎತ್ತಿನ ಮೊಣಕಾಲು ಹೋಯ್ತದೆ, ಅದನ್ನೂ ಬರೀರಿ' ಅಂದರು. ಯಾಕೆ ಎಲ್ಲ ಬಾವಿಗೂ ಒಂದು ಮಿತಿಯ ಇಳಿಜಾರೇ ಇರುತ್ತದೆ ಎಂಬುದಕ್ಕೆ ನನ್ನ ಬಳಿ ಸೂತ್ರ ಇರಲಿಲ್ಲ. ಅವರ ಬಳಿ ಮೊಣಕಾಲು ಇತ್ತು.

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಅದಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಊರಲ್ಲೊಂದು ಹಾಳು ಕಪಿಲೆ ಬಾವಿ, ಒಂದು ಟೇಪು, ಅದನ್ನು ಬಳಸಿದ ಒಬ್ಬರು ಹಿರಿಯರು ಇದ್ದರೆ ಸಾಕು. ಮೂರನೆಯದು ಬೇಗ ಬೇಗ ಕಮ್ಮಿಯಾಗುತ್ತಿದೆ.

ಶಾಸನ ಹುಡುಕಿ ಹೋಗುವ ಗೆಳೆಯರಲ್ಲಿ ಒಂದು ಕೋರಿಕೆ. ಪಡಿಯಚ್ಚು ತೆಗೆಯುವ ಹೊತ್ತಿಗೆ ಊರಿನವರು ಸುತ್ತ ನೆರೆದಿರುತ್ತಾರೆ. ಅವರಲ್ಲಿ ಎಂಬತ್ತು ದಾಟಿದವರಿದ್ದರೆ ಏತ, ಕಪಿಲೆ, ಗಾಣಗಳ ಒಂದೊಂದು ಭಾಗಕ್ಕೆ ಆ ಊರಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಬಾವಿಯ ಆಳ, ಇಳಿಜಾರಿನ ಉದ್ದ, ಇಳಿತ ಅಳೆಯಿರಿ. ಗಾಣದ ಕಲ್ಲಿನ ಒಳಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ. ಕಲ್ಲಿನ ಮೇಲಿನ ಪದ ಇನ್ನೂ ಕೆಲವು ಶತಮಾನ ಇರುತ್ತದೆ. ಅದರ ಅರ್ಥ ಬಲ್ಲವರು ಜಗಲಿಯ ಮೇಲೆ ಇನ್ನೆಷ್ಟು ದಿನ ಕೂತಿರುತ್ತಾರೋ. ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿದಾಗ, ಯಜಮಾನರು ಹೋದ ಸುಗ್ಗಿಯಲ್ಲಿ ತೀರಿಕೊಂಡರು ಅಂದರು. ಅವರ ಬಾಯಿಂದ ಬರೆದುಕೊಂಡ ಹದಿನೇಳು ಪದಗಳು ನನ್ನ ಪುಸ್ತಕದಲ್ಲಿವೆ. ಇನ್ನೂ ಕೇಳಬೇಕಿತ್ತು.